ಕೈಯಾರೆ ರಿಮೋಟ್ ಲಾರಿ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಸೋದರಮಾವ ಇಪ್ಪತ್ತೆರಡು ವರ್ಷ ಟಾಟಾ ಎಸ್‌ಇ 1613 ಓಡಿಸಿದರು. ದಾವಣಗೆರೆಯಲ್ಲಿ ಮೆಕ್ಕೆಜೋಳ ತುಂಬಿ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಲೈನು. ಮೂತಿ ಮುಂದಿರುವ, ಮರದ ಬಾಡಿಯ ಆ ಲಾರಿಯನ್ನೇ ಹದಿನಾಲ್ಕರಲ್ಲಿ ಒಂದು ಪಾಲಿಗೆ ಇಳಿಸಿ, ರಿಮೋಟ್‌ನಲ್ಲಿ ಓಡುವ ಹಾಗೆ ಕಟ್ಟಿದ್ದೇನೆ. ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಒಂದೊಂದು ಗಂಟೆ ಕೂತು ಮಾಡಿದ್ದು. ಹದಿನಾಲ್ಕು ತಿಂಗಳು ಹಿಡಿಯಿತು. ಲಾರಿ ನೋಡಿದವರೆಲ್ಲ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಎಲ್ಲವನ್ನೂ ನಾವೇ ಮಾಡಬೇಕಾ? ನಟ್ಟು ಬೋಲ್ಟು ಸಮೇತ?

ಇಲ್ಲ. ಮೋಟರ್, ಸರ್ವೋ (ಸ್ಟೀರಿಂಗ್ ತಿರುಗಿಸುವ ಚಿಕ್ಕ ಮೋಟರ್), ರೇಡಿಯೋ (ಕೈಯಲ್ಲಿ ಹಿಡಿಯುವ ರಿಮೋಟ್ ಮತ್ತು ಲಾರಿಯೊಳಗಿನ ರಿಸೀವರ್), ಬ್ಯಾಟರಿ, ಟೈರು, ಬೇರಿಂಗ್ ಎಲ್ಲರೂ ಕೊಂಡೇ ತರುತ್ತಾರೆ. ಹಿಂದಿನ ಆಕ್ಸಲ್ ಕೂಡ ರೆಡಿ ಸಿಕ್ಕರೆ ತಗೊಳ್ಳಿ. ಅದರೊಳಗಿನ ಗೇರುಗಳನ್ನು ಮನೆಯಲ್ಲಿ ಮಾಡುವುದು ಲೇತ್ ಇಲ್ಲದವರಿಗೆ ಆಗದ ಕೆಲಸ. ಚಾಸಿ, ಕ್ಯಾಬಿನ್, ಬಾಡಿ, ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್), ಬಂಪರ್, ಡೀಸೆಲ್ ಟ್ಯಾಂಕ್, ಲೈಟಿನ ವೈರಿಂಗ್, ಇಷ್ಟನ್ನು ನೀವು ಮಾಡಿದರೆ ಲಾರಿ ನಿಮ್ಮದೇ. ಕಿಟ್ ತಂದು ಜೋಡಿಸುವುದೂ ಒಳ್ಳೆಯ ಅಭ್ಯಾಸವೇ. ಆದರೆ ಸಿಗುವ ಕಿಟ್‌ಗಳೆಲ್ಲ ಹೆಚ್ಚಾಗಿ ಅಮೆರಿಕ, ಯುರೋಪಿನ ಟ್ರಕ್ಕುಗಳು. ನಮ್ಮ ಊರಿನ ಲಾರಿ ಬೇಕು ಅಂದರೆ ಕಟ್ಟಲೇಬೇಕು.

ಯಾವ ಅಳತೆಯಲ್ಲಿ ಕಟ್ಟಬೇಕು? 1:14 ಯಾಕೆ?

ಬಿಡಿಭಾಗ ಸಿಗುತ್ತೆ, ಅದಕ್ಕೆ. ಜಪಾನಿನ ತಮಿಯಾ ಕಂಪನಿಯ ದೊಡ್ಡ ಟ್ರಕ್ ಕಿಟ್‌ಗಳು 1:14ರಲ್ಲಿ ಬಂದವು. ಆಮೇಲೆ ಬೇರೆಯವರು ಟೈರು, ಆಕ್ಸಲ್, ರಿಮ್ ಮಾಡಿದ್ದೂ ಅದೇ ಅಳತೆಗೆ. 1:16ರಲ್ಲಿ ಮಿಲಿಟರಿ ಟ್ರಕ್ ಆಟಿಕೆಗಳು ಸಿಗುತ್ತವೆ, ಅವುಗಳ ಆಕ್ಸಲ್ ಅಗ್ಗ. ಮೊದಲ ಸಲ ಕಟ್ಟುವವರಿಗೆ ಅದೂ ಆಗುತ್ತೆ. 1:24 ಬೇಡ ಅನ್ನುತ್ತೇನೆ. ಒಳಗೆ ಕೈ ಹೋಗುವುದಿಲ್ಲ, ಭಾರ ಹೊರುವುದಿಲ್ಲ.

ಟೈರಿನ ವಿಷಯದಲ್ಲಿ ಒಂದು ಎಚ್ಚರ. ನಮ್ಮ ಲಾರಿಗಳ 10.00-20 ಟೈರು ಸುಮಾರು 1050 ಮಿ.ಮೀ. ಎತ್ತರ. ಹದಿನಾಲ್ಕರಿಂದ ಭಾಗಿಸಿದರೆ 75 ಮಿ.ಮೀ. ಅಂಗಡಿಯಲ್ಲಿ ಸಿಗುವ 1:14 ಟೈರುಗಳು ಸಾಮಾನ್ಯವಾಗಿ 80ರ ಮೇಲೆಯೇ ಇರುತ್ತವೆ. ಐದಾರು ಮಿ.ಮೀ. ತಾನೇ ಅನಿಸಬಹುದು. ಮಡ್‌ಗಾರ್ಡ್ ಕೂರಿಸುವಾಗ ಗೊತ್ತಾಗುತ್ತೆ. ಟೈರು ಮೊದಲು ಕೈಗೆ ಬರಲಿ, ಆಮೇಲೆ ಉಳಿದ ನಕ್ಷೆ ಬರೆಯಿರಿ.

ನಕ್ಷೆ ಎಲ್ಲಿ ಸಿಗುತ್ತೆ?

ನಿಂತ ಲಾರಿಯ ಹತ್ತಿರ. ಟೇಪು, ನೋಟ್‌ಬುಕ್ಕು, ಮೊಬೈಲು ಹಿಡಿದುಕೊಂಡು ಹೋಗಿ. ಬೆಂಗಳೂರಿನವರಾದರೆ ಯಶವಂತಪುರದ ಟ್ರಕ್ ಟರ್ಮಿನಲ್ ಇದೆ, ಕಲಾಸಿಪಾಳ್ಯ ಇದೆ. ಬೇರೆ ಊರಾದರೆ ಎಪಿಎಂಸಿ ಯಾರ್ಡು. ಬೆಳಿಗ್ಗೆ ಲೋಡಿಂಗ್ ನಡೆಯುವಾಗ ಹೋಗಬೇಡಿ, ಅಡ್ಡವಾಗುತ್ತೀರಿ. ಮಧ್ಯಾಹ್ನ ಊಟ ಆದ ಮೇಲೆ ಡ್ರೈವರುಗಳು ನೆರಳಲ್ಲಿ ಕೂತಿರುತ್ತಾರೆ. "ಅಣ್ಣಾ, ನಿಮ್ಮ ಗಾಡಿ ಥರಾನೇ ಒಂದು ಚಿಕ್ಕದು ಮಾಡ್ತಾ ಇದ್ದೀನಿ, ಅಳತೆ ತಗೊಳ್ಳಲಾ?" ಅಂತ ಕೇಳಿ. ಬೇಡ ಅಂದವರನ್ನು ನಾನು ಇನ್ನೂ ನೋಡಿಲ್ಲ. ಟೇಪಿನ ಇನ್ನೊಂದು ತುದಿ ಅವರೇ ಹಿಡಿಯುತ್ತಾರೆ.

ಮೊದಲು ತೆಗೆಯಬೇಕಾದ್ದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಇರುವ ದೂರ. ಮಾವನ ಲಾರಿಯಲ್ಲಿ ಅದು 4200 ಮಿ.ಮೀ. ಬಂತು. ಮಾದರಿಯಲ್ಲಿ ಸರಿಯಾಗಿ 300. ಚಾಸಿಯ ಅಗಲ 850, ಅಂದರೆ ಸುಮಾರು 61. ಬಾಡಿ 17 ಅಡಿ ಉದ್ದ, ಅಂದರೆ 370. ಹೀಗೆ ಎಲ್ಲವನ್ನೂ ಅಲ್ಲೇ ನಿಂತು ಭಾಗಿಸಿ ಬರೆದುಕೊಳ್ಳಿ. ಫೋಟೋ ತೆಗೆಯುವಾಗ ದೂರ ಹೋಗಿ ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಮೂತಿ ಉಬ್ಬಿದ ಹಾಗೆ ಕಾಣುತ್ತೆ, ಆ ಫೋಟೋದಿಂದ ಅಳತೆ ತೆಗೆಯಲು ಆಗುವುದಿಲ್ಲ. ಲಾರಿಯ ಕೆಳಗೂ ಬಗ್ಗಿ ಫೋಟೋ ತೆಗೆಯಿರಿ. ಏರ್ ಟ್ಯಾಂಕ್ ಎಲ್ಲಿದೆ, ಸ್ಟೆಪ್ನಿ ಹೇಗೆ ನೇತಾಡುತ್ತೆ ಅನ್ನುವುದು ಮನೆಗೆ ಬಂದ ಮೇಲೆ ನೆನಪಿರುವುದಿಲ್ಲ.

ಒಟ್ಟು ಖರ್ಚು ಎಷ್ಟಾಗುತ್ತೆ?

ನನಗೆ ಹದಿನೆಂಟು ಸಾವಿರದ ಹತ್ತಿರ ಬಿತ್ತು. ಅದರಲ್ಲಿ ಕಾಲು ಭಾಗ ರೇಡಿಯೋ, ಅದು ಮುಂದಿನ ಲಾರಿಗೂ ಬರುತ್ತೆ. ಆಕ್ಸಲ್ ಮತ್ತು ಟೈರು ಇನ್ನೊಂದು ದೊಡ್ಡ ಖರ್ಚು. ಕ್ಯಾಬಿನ್ ಮತ್ತು ಬಾಡಿಯ ಸಾಮಾನಿಗೆ ಸಾವಿರವೂ ಆಗಲಿಲ್ಲ. ಒಂದೇ ಸಲ ಎಲ್ಲ ತರಬೇಡಿ. ತಿಂಗಳಿಗೆ ಒಂದು ಭಾಗ ತಂದರೆ ಜೇಬಿಗೂ ಭಾರ ಅಲ್ಲ, ಕೆಲಸವೂ ಆ ವೇಗಕ್ಕೇ ಸಾಗುತ್ತೆ.

ಸಾಮಾನು ಎಲ್ಲಿ ತರೋದು?

ಎಲೆಕ್ಟ್ರಾನಿಕ್ಸ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡ್. ಗೇರ್ಡ್ ಮೋಟರ್, ಎಲ್‌ಇಡಿ, ಆರ್ಡುಯಿನೋ (ಲೈಟುಗಳನ್ನು ನಿಯಂತ್ರಿಸುವ ಚಿಕ್ಕ ಕಂಪ್ಯೂಟರ್ ಬೋರ್ಡು), ವೈರು, ಚಿಕ್ಕ ಸ್ಕ್ರೂ ಎಲ್ಲ ಒಂದೇ ಗಲ್ಲಿಯಲ್ಲಿ ಮುಗಿಯುತ್ತೆ. ಭಾನುವಾರ ಹೋಗಬೇಡಿ, ಬಹಳ ಅಂಗಡಿ ಮುಚ್ಚಿರುತ್ತೆ. ಅಲ್ಯುಮಿನಿಯಂ ಚಾನೆಲ್ ಕಿಟಕಿ ಮಾಡುವವರ ಹತ್ತಿರ ತುಂಡು ಸಿಗುತ್ತೆ. ಸನ್‌ಬೋರ್ಡ್ ಮತ್ತು ಪ್ಲಾಸ್ಟಿಕ್ ಶೀಟು ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಹೋಗುವ ಸ್ಟೇಷನರಿ ಅಂಗಡಿಯಲ್ಲಿರುತ್ತೆ. ಹೊರದೇಶದಿಂದ ತರಿಸುವವರು ಎರಡು ವಿಷಯ ನೆನಪಿಡಿ: ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಕಳಿಸಲು ಕಟ್ಟುಪಾಡು ಇದೆ, ರೇಡಿಯೋಗೆ ಕಸ್ಟಮ್ಸ್‌ನಲ್ಲಿ ಅನುಮತಿ ಪತ್ರ ಕೇಳುತ್ತಾರೆ. ಇವೆರಡನ್ನೂ ದೇಶದೊಳಗೇ ಕೊಳ್ಳಿ.

ಯಾವ ಉಪಕರಣ ಬೇಕು?

ಸ್ಟೀಲ್ ಸ್ಕೇಲು, ವರ್ನಿಯರ್, ಕಟರ್, ಹ್ಯಾಕ್ಸಾ, ನಾಲ್ಕು ಥರದ ಅರ, ಡ್ರಿಲ್, 60 ವಾಟ್ ಸೋಲ್ಡರಿಂಗ್ ಐರನ್. ಇದರ ಜೊತೆ ಎಂ3 ಟ್ಯಾಪ್ (3 ಮಿ.ಮೀ. ಸ್ಕ್ರೂಗೆ ತೂತಿನೊಳಗೆ ಮರೆ, ಅಂದರೆ ಸುರುಳಿ ಗೆರೆ, ಕೊರೆಯುವ ಸಾಧನ) ಮತ್ತು 2.5 ಮಿ.ಮೀ. ಡ್ರಿಲ್ ಬಿಟ್. ಲೋಹದಲ್ಲಿ ನೀವೇ ಮರೆ ಕೊರೆಯಲು ಕಲಿತ ದಿನ ಅರ್ಧ ತೊಂದರೆ ಮುಗಿಯಿತು ಅಂದುಕೊಳ್ಳಿ.

ಚಾಸಿ ಯಾವುದರಲ್ಲಿ ಮಾಡಬೇಕು?

ನಿಜವಾದ ಲಾರಿಯ ಚಾಸಿ ಅಂದರೆ ಏಣಿ. ಎರಡು ಉದ್ದದ ಚಾನೆಲ್, ನಡುವೆ ಅಡ್ಡಪಟ್ಟಿ. ಮಾದರಿಗೂ ಅದೇ ಸಾಕು. ಅಲ್ಯುಮಿನಿಯಂ ಸಿ ಚಾನೆಲ್ ಒಂದೂವರೆ ಅಥವಾ ಎರಡು ಮಿ.ಮೀ. ದಪ್ಪದ್ದು ತಗೊಳ್ಳಿ. ಎರಡೂ ಚಾನೆಲ್‌ಗಳನ್ನು ಬೆನ್ನಿಗೆ ಬೆನ್ನು ತಾಗಿಸಿ, ಕ್ಲಾಂಪ್ ಹಾಕಿ, ಒಟ್ಟಿಗೇ ತೂತು ಕೊರೆಯಿರಿ. ಬೇರೆ ಬೇರೆಯಾಗಿ ಕೊರೆದರೆ ಅರ್ಧ ಮಿ.ಮೀ. ಆಚೀಚೆ ಆಗುತ್ತೆ, ಆಕ್ಸಲ್ ಓರೆ ಕೂರುತ್ತೆ, ಲಾರಿ ಜೀವಮಾನವಿಡೀ ಒಂದು ಕಡೆಗೆ ಎಳೆಯುತ್ತೆ.

ರಿವಿಟ್ ಹೊಡೆಯಬೇಡಿ. ನಟ್ಟು ಬೋಲ್ಟೇ ಇರಲಿ, ಇಪ್ಪತ್ತು ಸಲ ಬಿಚ್ಚಬೇಕಾಗುತ್ತೆ. ಕೊನೆಗೆ ಎಲ್ಲ ಸರಿ ಅನಿಸಿದ ಮೇಲೆ ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ ಥ್ರೆಡ್‌ಲಾಕ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಪ್ಲಾಸ್ಟಿಕ್‌ಗೆ ಅದು ತಾಗಬಾರದು, ಬಿರುಕು ಬಿಡುತ್ತೆ.

ಎಷ್ಟು ಸ್ಪೀಡ್ ಹೋಗಬೇಕು? ಯಾವ ಮೋಟರ್?

ನಿಧಾನ. ಇನ್ನೂ ನಿಧಾನ. ಮಾದರಿ ಲಾರಿಯನ್ನು ಹಾಳು ಮಾಡುವುದು ಸ್ಪೀಡ್.

ಲೆಕ್ಕ ನೋಡಿ. ಲಾರಿ ಹೈವೇಯಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುತ್ತೆ ಅಂದುಕೊಳ್ಳಿ. ಹದಿನಾಲ್ಕರಿಂದ ಭಾಗಿಸಿದರೆ ಗಂಟೆಗೆ 4.3 ಕಿ.ಮೀ. ಅಂದರೆ ಮನುಷ್ಯ ನಡೆಯುವ ವೇಗ. ನೀವು ಲಾರಿಯ ಪಕ್ಕದಲ್ಲಿ ಆರಾಮಾಗಿ ನಡೆದುಕೊಂಡು ಹೋಗುವಂತಿರಬೇಕು. 75 ಮಿ.ಮೀ. ಚಕ್ರ ಒಂದು ಸುತ್ತಿಗೆ 235 ಮಿ.ಮೀ. ಸಾಗುತ್ತೆ. ಹಾಗಾಗಿ ಚಕ್ರ ನಿಮಿಷಕ್ಕೆ 300 ಸುತ್ತು ತಿರುಗಿದರೆ ಸಾಕು. ಆಕ್ಸಲ್‌ನ ಒಳಗೇ ಎರಡರಿಂದ ಮೂರು ಪಟ್ಟು ಇಳಿತ ಇರುತ್ತೆ. ಅಂದರೆ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟು 600ರಿಂದ 900 ಆರ್‌ಪಿಎಂ ಇರಬೇಕು.

ಇದಕ್ಕೆ ಎರಡು ದಾರಿ. ಒಂದು, 540 ಸೈಜಿನ ಬ್ರಷ್ ಮೋಟರ್ 55 ಟರ್ನಿನದು (ತಂತಿಯ ಸುತ್ತು ಹೆಚ್ಚಿದ್ದು, ನಿಧಾನವಾಗಿ ತಿರುಗುವಂಥದ್ದು), ಮುಂದೆ ಒಂದು ಗೇರ್‌ಬಾಕ್ಸ್. ಇನ್ನೊಂದು, ಎಸ್.ಪಿ. ರೋಡಿನಲ್ಲಿ ಸಿಗುವ 37 ಮಿ.ಮೀ. ಗೇರ್ಡ್ ಮೋಟರ್. ಎರಡನೆಯದು ಅಗ್ಗ, ಆದರೆ ಭಾರ ಹಾಕಿ ಏರು ಹತ್ತಿಸಿದರೆ ಏದುಸಿರು ಬಿಡುತ್ತೆ. ನಾನು ಮೊದಲು ಅದನ್ನೇ ಹಾಕಿ, ಆಮೇಲೆ 540ಕ್ಕೆ ಬದಲಾಯಿಸಿದೆ. ಮೂತಿ ಇರುವ ಲಾರಿಯಾದ್ದರಿಂದ ಮೋಟರ್ ಬಾನೆಟ್ ಕೆಳಗೇ ಕೂತಿತು, ಎಂಜಿನ್ ಇರಬೇಕಾದ ಜಾಗದಲ್ಲೇ. ಬ್ರಷ್‌ಲೆಸ್ (ಒಳಗೆ ಬ್ರಷ್ ಇಲ್ಲದ) ಮೋಟರ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಸೆನ್ಸರ್ ಇಲ್ಲದ ಬ್ರಷ್‌ಲೆಸ್ ನಿಂತಲ್ಲಿಂದ ಹೊರಡುವಾಗ ತಡವರಿಸುತ್ತೆ. ಲಾರಿಗೆ ಬೇಕಾದದ್ದೇ ಆ ಹೊರಡುವ ಕ್ಷಣ. ಬ್ರಷ್ ಮೋಟರೇ ಸಾಕು.

ನನ್ನ ಲಾರಿ ನೋಡೋಕೆ ಚೆನ್ನಾಗಿದೆ, ಓಡಿಸಿದರೆ ಆಟಿಕೆ ಥರ ಕುಣಿಯುತ್ತೆ. ಯಾಕೆ?

ಭಾರ ಇಲ್ಲ, ಅದಕ್ಕೆ.

ಇದನ್ನು ನನಗೆ ಹೇಳಿಕೊಟ್ಟಿದ್ದು ಮಾವ. ಬಣ್ಣ ಬಳಿಯುವ ಮೊದಲು ಅವರ ಮನೆಯ ಅಂಗಳದಲ್ಲಿ ಓಡಿಸಿ ತೋರಿಸಿದ್ದೆ. ಅಳತೆ ಎಲ್ಲ ಸರಿ ಇತ್ತು, ಸ್ಪೀಡೂ ಸರಿ ಇತ್ತು. ಕಲ್ಲುಚಪ್ಪಡಿಯ ಸಂದು ದಾಟುವಾಗ ಹಿಂಭಾಗ ಟಣ್ ಅಂತ ಎಗರುತ್ತಿತ್ತು. ಮಾವ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಹೊತ್ತು ನೋಡಿದರು. "ಇದ್ರಾಗೆ ಲೋಡ್ ಇಲ್ಲೇನಪ್ಪಾ? ಹಾರ್ತೈತಲ್ಲ" ಅಂದರು. ಆಮೇಲೆ ಪಕ್ಕದಲ್ಲಿದ್ದ ಅರ್ಧ ಇಟ್ಟಿಗೆ ಎತ್ತಿ ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ ಇಟ್ಟರು. ಈಗ ಓಡಿಸು ಅಂದರು. ಲಾರಿ ಅದೇ ಸಂದು ದಾಟಿತು. ಮುಂದಿನ ಚಕ್ರ ಇಳಿಯಿತು, ಹತ್ತಿತು. ಹಿಂದಿನದು ಇಳಿಯಿತು, ಒಮ್ಮೆ ತೂಗಿತು, ನಿಂತಿತು. ಅದೇ ನಡಿಗೆ. ಚಿಕ್ಕವನಿದ್ದಾಗ ಕ್ಯಾಬಿನ್ನಿನಲ್ಲಿ ಕೂತು ನಾನು ಅನುಭವಿಸಿದ ನಡಿಗೆ.

ಇದಕ್ಕೂ ಲೆಕ್ಕ ಇದೆ. ಉದ್ದ 14 ಪಟ್ಟು ಇಳಿದರೆ ತೂಕ 14 ಗುಣಿಸು 14 ಗುಣಿಸು 14, ಅಂದರೆ 2744 ಪಟ್ಟು ಇಳಿಯುತ್ತೆ. 1613 ಅನ್ನುವ ಹೆಸರಿನಲ್ಲೇ 16 ಅಂದರೆ ಒಟ್ಟು ತೂಕ 16 ಟನ್, 13 ಅಂದರೆ 130 ಅಶ್ವಶಕ್ತಿ. 16,000 ಕೆಜಿಯನ್ನು 2744ರಿಂದ ಭಾಗಿಸಿದರೆ 5.8 ಕೆಜಿ. ಲೋಡ್ ಆದ ಮಾದರಿ ಇಷ್ಟು ತೂಗಬೇಕು. ಖಾಲಿ ಗಾಡಿ ಎರಡು ಕೆಜಿ ಆಸುಪಾಸು. ನಾವು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಒಂದೂವರೆ ಕೆಜಿಯಲ್ಲಿ ನಿಲ್ಲಿಸಿಬಿಡುತ್ತೇವೆ. ಆಮೇಲೆ ಲಾರಿ ಹಾರುತ್ತೆ.

ಬಾಡಿಯ ತಳಕ್ಕೆ ಎಂಎಸ್ (ಮೆದು ಉಕ್ಕಿನ) ಪ್ಲೇಟು ಹಾಕಿ, ಮೇಲೆ ಹಲಗೆ ಮುಚ್ಚಿ. ಅದರ ಮೇಲೆ ಮೂಟೆ. ನನ್ನ ಮೂಟೆಗಳನ್ನು ಅಮ್ಮ ಹೊಲಿದುಕೊಟ್ಟರು, 64 ಮಿ.ಮೀ. ಉದ್ದ, 40 ಅಗಲ. ಒಳಗೆ ರಾಗಿ. 50 ಕೆಜಿಯ ಮೆಕ್ಕೆಜೋಳದ ಚೀಲ ಈ ಅಳತೆಗೆ ಇಳಿದರೆ 18 ಗ್ರಾಂ ಚಿಲ್ಲರೆ. ಅಷ್ಟು ಚಿಕ್ಕ ಚೀಲಕ್ಕೆ ರಾಗಿ ತುಂಬಿದರೆ ಹೆಚ್ಚುಕಡಿಮೆ ಅದೇ ತೂಕ ಬರುತ್ತೆ. ಚೀಲ ಕೂರುವ ರೀತಿಯೂ ಹಾಗೇ, ಒಂದರ ಮೇಲೊಂದು ಒತ್ತಿಕೊಂಡು, ಹೊಟ್ಟೆ ಉಬ್ಬಿಸಿಕೊಂಡು. ಥರ್ಮಾಕೋಲ್ ಮೂಟೆ ಇಡಬೇಡಿ, ದಯವಿಟ್ಟು.

ಕಮಾನು ಪಟ್ಟಿ ಹೇಗೆ ಮಾಡುವುದು?

ನಿಜವಾದ ಲಾರಿಯಲ್ಲಿ ಹತ್ತಾರು ಪಟ್ಟಿ ಒಂದರ ಕೆಳಗೊಂದು. ಮಾದರಿಯಲ್ಲೂ ಎಲ್ಲವನ್ನೂ ಉಕ್ಕಿನಲ್ಲಿ ಮಾಡಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಸ್ವಲ್ಪವೂ ಆಡುವುದಿಲ್ಲ. ಮೇಲಿನ ಒಂದೇ ಪಟ್ಟಿ ಉಕ್ಕಿನದು ಇರಲಿ. ಉಳಿದವು ಅರ್ಧ ಮಿ.ಮೀ. ಪ್ಲಾಸ್ಟಿಕ್ ಶೀಟಿನ ಪಟ್ಟಿಗಳು, ಬರೀ ನೋಟಕ್ಕೆ. ಬಗ್ಗುವ ತೆಳು ಸ್ಟೀಲ್ ಸ್ಕೇಲನ್ನು ಉದ್ದಕ್ಕೆ ಸೀಳಿದರೆ ಒಳ್ಳೆಯ ಪಟ್ಟಿ ಬರುತ್ತೆ. ಕತ್ತರಿಸುವಾಗ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಸ್ಪ್ರಿಂಗಿನ ಗುಣ ಹೋಗುತ್ತೆ, ಆಗಾಗ ನೀರಿಗೆ ಅದ್ದಿ.

ಒಂದು ಕಡೆ ಪಿನ್ನು, ಇನ್ನೊಂದು ಕಡೆ ಶಾಕಲ್ (ತೂಗಾಡುವ ಕೊಂಡಿ). ಎರಡೂ ಕಡೆ ಬಿಗಿದರೆ ಪಟ್ಟಿ ನೇರವಾಗಲು ಜಾಗವೇ ಇರುವುದಿಲ್ಲ. ಪರೀಕ್ಷೆ ಸುಲಭ. ಖಾಲಿ ಲಾರಿಯಲ್ಲಿ ಪಟ್ಟಿ ಬಿಲ್ಲಿನ ಹಾಗೆ ಬಾಗಿರಬೇಕು. ಪೂರ್ತಿ ಲೋಡ್ ಹಾಕಿದಾಗ ಹೆಚ್ಚುಕಡಿಮೆ ನೇರವಾಗಬೇಕು. ಹಾಗಾದರೆ ಗೆದ್ದಿರಿ.

ಸ್ಟೀರಿಂಗ್‌ಗೆ ಯಾವ ಸರ್ವೋ?

ನೀಲಿ ಬಣ್ಣದ 9 ಗ್ರಾಂ ಸರ್ವೋ ಬೇಡ. ಆರು ಕೆಜಿ ಲಾರಿ ನಿಂತಲ್ಲೇ ಚಕ್ರ ತಿರುಗಿಸಿದರೆ ಅದರ ಹಲ್ಲು ಹೋಗುತ್ತೆ. ಎಂಜಿ996ಆರ್ ಥರದ ಮೆಟಲ್ ಗೇರ್ ಸರ್ವೋ ಹಾಕಿ. ಅದು ಸಿಕ್ಕಿಕೊಂಡಾಗ ಎರಡೂವರೆ ಆಂಪಿಯರ್ ಎಳೆಯುತ್ತೆ, ಹಾಗಾಗಿ ಇಎಸ್‌ಸಿಯ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಬಿಇಸಿ (ಸರ್ವೋ, ರಿಸೀವರ್‌ಗೆ ಕರೆಂಟ್ ಕೊಡುವ ಅದರ ಭಾಗ) ಮೂರು ಆಂಪಿಯರ್ ಕೊಡುವಂಥದ್ದಿರಲಿ.

ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು. ಅದಕ್ಕೆ ಎರಡೂ ಕಿಂಗ್‌ಪಿನ್‌ಗಳಿಂದ (ಮುಂದಿನ ಚಕ್ರ ತಿರುಗುವ ಕೀಲು) ಹಿಂದಿನ ಆಕ್ಸಲ್‌ನ ನಡುಬಿಂದುವಿಗೆ ಎರಡು ಗೆರೆ ಎಳೆಯಿರಿ. ಸ್ಟೀರಿಂಗ್ ಆರ್ಮ್‌ಗಳು ಆ ಗೆರೆಯ ಮೇಲೆ ಬರಬೇಕು. ಅಷ್ಟು ಮಾಡಿದರೆ ಚಕ್ರ ಉಜ್ಜುವುದಿಲ್ಲ.

ಬ್ಯಾಟರಿ ಬಗ್ಗೆ ಹೆದರಿಕೆ ಆಗುತ್ತೆ. ಲಿಪೋ ಸೇಫಾ?

ಹೆದರಿಕೆ ಸ್ವಲ್ಪ ಇರಲಿ, ಒಳ್ಳೆಯದೇ. 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಸಾಕು. 7.4 ವೋಲ್ಟ್, ತುಂಬಿದಾಗ 8.4. ಮೂರು ಸಾವಿರ ಎಂಎಎಚ್ ಇದ್ದರೆ ನನ್ನ ಲಾರಿ ಒಂದು ಗಂಟೆಯ ಹತ್ತಿರ ಓಡುತ್ತೆ. ಒಂದು ಸೆಲ್ಲು 3.2 ವೋಲ್ಟಿಗಿಂತ ಕೆಳಗೆ ಹೋಗಬಾರದು. ಇಎಸ್‌ಸಿಯಲ್ಲಿ ಲಿಪೋ ಕಟಾಫ್ ಹಾಕಿಡಿ. ವಾರಗಟ್ಟಲೆ ಓಡಿಸುವುದಿಲ್ಲ ಅಂದರೆ ಸೆಲ್ಲಿಗೆ 3.8 ವೋಲ್ಟ್ ಇಟ್ಟು ಎತ್ತಿಡಿ.

ನಾನು ಒಮ್ಮೆ ಸ್ವಿಚ್ ಆಫ್ ಮಾಡದೆ ಲಾರಿಯನ್ನು ಕಪಾಟಿನಲ್ಲಿ ಇಟ್ಟುಬಿಟ್ಟೆ. ನಾಲ್ಕು ದಿನ ಬಿಟ್ಟು ತೆಗೆದರೆ ಬ್ಯಾಟರಿ ದಿಂಬಿನ ಹಾಗೆ ಊದಿತ್ತು. ಊದಿದ ಬ್ಯಾಟರಿಗೆ ಮತ್ತೆ ಚಾರ್ಜ್ ಹಾಕಲೇಬಾರದು. ಅವತ್ತಿನಿಂದ ಓಡಿಸಿ ಆದ ಮೇಲೆ ಕನೆಕ್ಟರ್ ಕಳಚಿಯೇ ಇಡುತ್ತೇನೆ. ಚಾರ್ಜ್ ಮಾಡುವಾಗ ಎದುರಿಗೇ ಇರಿ. ಹಾಸಿಗೆ, ಸೋಫಾ ಮೇಲೆ ಬೇಡ. ಮಣ್ಣಿನ ಕುಂಡದೊಳಗೆ ಇಟ್ಟು ಮಾಡಿ.

ರೇಡಿಯೋಗೆ ಲೈಸೆನ್ಸ್ ಬೇಕಾ? ಎಷ್ಟು ಚಾನೆಲ್?

2.4 ಗಿಗಾಹರ್ಟ್ಸ್ ರೇಡಿಯೋಗೆ ಲೈಸೆನ್ಸ್ ಬೇಡ. 2005ರಿಂದಲೂ ನಮ್ಮ ದೇಶದಲ್ಲಿ ಆ ತರಂಗಕ್ಕೆ ವಿನಾಯಿತಿ ಇದೆ. ಆರು ಚಾನೆಲ್ ತಗೊಳ್ಳಿ. ಓಟ, ಸ್ಟೀರಿಂಗ್ ಎರಡಾಯಿತು. ಲೈಟ್, ಹಾರ್ನ್, ಗೇರ್ ಅಂತ ಉಳಿದವು ತಾನಾಗಿ ತುಂಬುತ್ತವೆ.

ಕ್ಯಾಬಿನ್ ಮಾಡುವುದು ಬಹಳ ಕಷ್ಟ ಅಲ್ವಾ?

ನಮ್ಮ ಲಾರಿಯಾದರೆ ಅಷ್ಟು ಕಷ್ಟ ಇಲ್ಲ. ಹಳೆಯ ಲಾರಿಗಳಲ್ಲಿ ಬಹಳಷ್ಟು ಕಂಪನಿಯಿಂದ ಬರುತ್ತಿದ್ದುದು ಚಾಸಿ ಮತ್ತು ಮೂತಿ ಮಾತ್ರ. ಕ್ಯಾಬಿನ್ ಮತ್ತು ಬಾಡಿ ಕಟ್ಟುತ್ತಿದ್ದವರು ಬಡಗಿಗಳು, ತಗಡಿನ ಕೆಲಸದವರು. ತಮಿಳುನಾಡಿನ ನಾಮಕ್ಕಲ್ ಕಡೆ ಇದೇ ಒಂದು ದೊಡ್ಡ ಕಸುಬು. ಮರದ ಚೌಕಟ್ಟು, ಮೇಲೆ ತಗಡು, ನೇರ ಗೆರೆಗಳು. ಕೈಯಲ್ಲಿ ಕಟ್ಟಿದ್ದನ್ನು ಕೈಯಲ್ಲೇ ಚಿಕ್ಕದಾಗಿ ಕಟ್ಟುತ್ತಿದ್ದೀರಿ. ಎರಡು ಬಾಗಿಲು ಕೂದಲೆಳೆಯಷ್ಟು ಬೇರೆ ಬೇರೆಯಾದರೂ ಅದು ತಪ್ಪಲ್ಲ, ನಿಜವಾದ ಲಾರಿಯಲ್ಲೂ ಹಾಗೇ ಇರುತ್ತೆ.

ಮೊದಲು ಹಳೇ ರಟ್ಟಿನಲ್ಲಿ ಇಡೀ ಕ್ಯಾಬಿನ್ ಕತ್ತರಿಸಿ ಅಂಟಿಸಿ ನೋಡಿ. ಸರಿ ಅನಿಸಿದ ಮೇಲೆ ಒಂದೂವರೆ ಮಿ.ಮೀ. ಸ್ಟೈರೀನ್ (ಒಂದು ಬಗೆಯ ಪ್ಲಾಸ್ಟಿಕ್) ಶೀಟು. ಕಟರ್‌ನಲ್ಲಿ ಎರಡು ಮೂರು ಸಲ ಗೆರೆ ಎಳೆದು ಬಗ್ಗಿಸಿದರೆ ಚಟ್ ಅಂತ ನೇರವಾಗಿ ಮುರಿಯುತ್ತೆ. ಪೂರ್ತಿ ಕತ್ತರಿಸಲು ಹೋಗಬೇಡಿ. ಸ್ಟೈರೀನ್‌ಗೆ ಹಾಕುವ ನೀರಿನಂಥ ಸಿಮೆಂಟು ಎರಡು ಅಂಚನ್ನೂ ಕರಗಿಸಿ ಒಂದು ಮಾಡುತ್ತೆ. ಕಿಟಕಿ ತೆರೆದಿಟ್ಟುಕೊಂಡು ಕೆಲಸ ಮಾಡಿ, ಅದರ ಹೊಗೆ ಒಳ್ಳೆಯದಲ್ಲ. ಬಾನೆಟ್‌ನ ದುಂಡು ಭಾಗಕ್ಕೆ ಶೀಟಿನ ಪದರ ಅಂಟಿಸಿ, ಪುಟ್ಟಿ ಹಾಕಿ, ಉಜ್ಜಬೇಕು. ನನಗೆ ಅದೊಂದಕ್ಕೇ ಮೂರು ವಾರ ಹಿಡಿಯಿತು.

3ಡಿ ಪ್ರಿಂಟರ್ ಇಲ್ಲದೆ ಆಗಲ್ವಾ?

ಆಗುತ್ತೆ. ಗ್ರಿಲ್, ಹೆಡ್‌ಲೈಟ್ ಬಳೆ, ರಿಮ್ಮುಗಳಿಗೆ ಇದ್ದರೆ ಅನುಕೂಲ. ಪ್ರಿಂಟ್ ಮಾಡಿಕೊಡುವವರು ಈಗ ಎಲ್ಲ ದೊಡ್ಡ ಊರಲ್ಲೂ ಇದ್ದಾರೆ. ಆದರೆ ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ ಮೋಟರ್ ಮೌಂಟ್ (ಮೋಟರ್ ಹಿಡಿಯುವ ಚೌಕಟ್ಟು) ಮಾಡಿಸಬೇಡಿ. ಅದು 60 ಡಿಗ್ರಿಗೇ ಮೆತ್ತಗಾಗುತ್ತೆ. ಚಿತ್ರದುರ್ಗದ ಬಿಸಿಲಲ್ಲಿ ಕಾರಿನೊಳಗೆ ಎರಡು ಗಂಟೆ ಬಿಟ್ಟಿದ್ದಕ್ಕೆ ನನ್ನ ಮೌಂಟು ಬಾಗಿ, ಗೇರು ಕಚ್ಚಿಕೊಂಡಿತ್ತು. ಪಿಇಟಿಜಿ ಅಥವಾ ಎಬಿಎಸ್ ಕೇಳಿ.

ಬಾಡಿಗೆ ಯಾವ ಮರ?

ಎಳೆ ಸಣ್ಣಗಿರುವ ಮರ. ತೇಗದ ಎಳೆ ಈ ಅಳತೆಗೆ ದೊಡ್ಡದಾಗಿ ಕಾಣುತ್ತೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಬಹಳ ಚೆನ್ನ. ಬಿಳಿ, ನುಣುಪು, ಕಟರ್‌ಗೆ ಬಗ್ಗುತ್ತೆ. ಸಿಗದಿದ್ದರೆ ಎರಡು ಮಿ.ಮೀ. ಪಟ್ಟಿಗಳಾಗಿ ಸೀಳಿದ ಯಾವುದಾದರೂ ಹಗುರ ಮರ ಆಗುತ್ತೆ. ಹಲಗೆಗಳನ್ನು ಒಂದೊಂದಾಗಿಯೇ ಜೋಡಿಸಿ. ಒಂದೇ ಶೀಟಿನ ಮೇಲೆ ಗೆರೆ ಎಳೆದದ್ದು ಮೊದಲ ನೋಟಕ್ಕೇ ತಿಳಿಯುತ್ತೆ.

ಬಣ್ಣ, ಬರಹ?

ಇಲ್ಲಿ ಮನಸ್ಸಿಟ್ಟು ಕೆಲಸ ಮಾಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೊದಲು ನ್ಯಾಷನಲ್ ಪರ್ಮಿಟ್ ಲಾರಿಗೆ ಬಣ್ಣವನ್ನೇ ಹೇಳಿದ್ದರು (2018ರಲ್ಲಿ ಇದು ಬದಲಾಯಿತು): ಒಣಗಿದ ಎಲೆಯ ಕಂದು, ಸುತ್ತ 30 ಸೆಂ.ಮೀ. ಬಿಳಿ ಅಂಚು, ಎರಡೂ ಪಕ್ಕದಲ್ಲಿ 60 ಸೆಂ.ಮೀ. ವೃತ್ತದೊಳಗೆ ನ್ಯಾಷನಲ್ ಪರ್ಮಿಟ್ ಅನ್ನುವ ಬರಹ. ನಮ್ಮ ಅಳತೆಗೆ ಅಂಚು 21 ಮಿ.ಮೀ., ವೃತ್ತ 43 ಮಿ.ಮೀ. ಪ್ರತಿಫಲಿಸುವ ಟೇಪು ಮುಂದೆ ಬಿಳಿ, ಪಕ್ಕ ಹಳದಿ, ಹಿಂದೆ ಕೆಂಪು. ನಂಬರ್ ಪ್ಲೇಟು ಹಳದಿ, ಅಕ್ಷರ ಕಪ್ಪು.

ಅಕ್ಷರಗಳನ್ನು ಸ್ಟಿಕರ್ ಹಾಕದೆ ಸಣ್ಣ ಬ್ರಷ್ಷಿನಲ್ಲಿ ಎನಾಮಲ್‌ನಿಂದ ಬರೆದು ನೋಡಿ. ಲಾರಿಯ ಬರಹ ಅಂದರೆ ಕೈಬರಹ. ಮಾವನ ಲಾರಿಯ ಹಣೆಯ ಮೇಲೆ ಅಜ್ಜಿಯ ಹೆಸರಿತ್ತು. ಅದನ್ನು ಬರೆಯುವ ಮೊದಲು ಕಾಗದದ ಮೇಲೆ ಐವತ್ತು ಸಲ ಅಭ್ಯಾಸ ಮಾಡಿದೆ.

ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಬೇಕಲ್ಲ? ನಿಂಬೆಹಣ್ಣು ಮೂರು ಮಿ.ಮೀ. ಬರುತ್ತೆ. ಹಳದಿ ಮಣಿ ಒಂದು, ಅದರ ಮೇಲೆ ಹಸಿರು ದಾರದ ಗಂಟು ಏಳು. ಧೂಳಿಗೆ ನಿಜವಾದ ಮಣ್ಣೇ ಬಳಸಿ. ಊರಿನ ಕೆಮ್ಮಣ್ಣನ್ನು ಮಸ್ಲಿನ್ ಬಟ್ಟೆಯಲ್ಲಿ ಸೋಸಿ, ಮ್ಯಾಟ್ ವಾರ್ನಿಷ್ ಹಸಿ ಇರುವಾಗ ಮಡ್‌ಗಾರ್ಡ್ ಒಳಗೆ ಉದುರಿಸಿ. ಬಾಗಿಲ ಹಿಡಿಯ ಹತ್ತಿರ ಬೇಡ, ಕೈ ತಾಗಿ ತಾಗಿ ಅಲ್ಲಿ ಹೊಳಪಿರುತ್ತೆ.

ಲೈಟಿಗೆ ಯಾವ ರೆಸಿಸ್ಟರ್?

2ಎಸ್ ಬ್ಯಾಟರಿಗೆ ನೇರ ಕೊಟ್ಟರೆ, ಬಿಳಿ ಎಲ್‌ಇಡಿಗೆ 560 ಓಮ್, ಕೆಂಪಿಗೆ 680. ಹತ್ತು ಮಿಲಿ ಆಂಪಿಯರ್ ಲೆಕ್ಕ, ಅಷ್ಟು ಬೆಳಕು ಸಾಕು. ಹೆಡ್‌ಲೈಟಿಗೆ ವಾರ್ಮ್ ವೈಟ್ ಹಾಕಿ. ಅಚ್ಚ ಬಿಳಿ ಹಾಕಿದರೆ ಹಳೇ ಲಾರಿಗೆ ಹೊಸ ಕನ್ನಡಕ ಹಾಕಿದ ಹಾಗೆ ಕಾಣುತ್ತೆ. ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು, ನಾನು 80 ಇಟ್ಟಿದ್ದೇನೆ. ಆರ್ಡುಯಿನೋ ಬಳಸಿದರೆ ಅದರ ಗ್ರೌಂಡ್ (ಮೈನಸ್ ವೈರು) ಮತ್ತು ರಿಸೀವರ್ ಗ್ರೌಂಡ್ ಸೇರಿಸಲೇಬೇಕು. ಮರೆತರೆ ಲೈಟುಗಳು ಹುಚ್ಚುಹುಚ್ಚಾಗಿ ಮಿನುಗುತ್ತವೆ.

ಎಂಜಿನ್ ಸದ್ದು?

ಇಎಸ್‌ಪಿ32 (ಆರ್ಡುಯಿನೋ ಥರದ್ದೇ) ಬೋರ್ಡಿಗೆ ಉಚಿತವಾಗಿ ಸಿಗುವ ಎಂಜಿನ್ ಸೌಂಡ್ ಪ್ರೋಗ್ರಾಂ ಇದೆ, ಥ್ರಾಟಲ್ ಏರಿದ ಹಾಗೆ ಸದ್ದೂ ಏರುತ್ತೆ. ಸದ್ದನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ. ಬೆಳಗಿನ ಜಾವ ಐದಕ್ಕೆ, ಯಾರ್ಡು ಸುಮ್ನೆ ಇರುವಾಗ, ಮೊದಲ ಸ್ಟಾರ್ಟ್.

ಮಳೆಯಲ್ಲಿ ಓಡಿಸಬಹುದಾ?

ಬೇಡ. ಮರದ ಬಾಡಿ ಉಬ್ಬುತ್ತೆ.

ಮಕ್ಕಳ ಜೊತೆ ಕಟ್ಟಬಹುದಾ?

ಖಂಡಿತ. ರಟ್ಟಿನ ಕ್ಯಾಬಿನ್, ಮೂಟೆ, ಬಣ್ಣ ಅವರಿಗೆ ಕೊಡಿ. ಕಟರ್, ಸೋಲ್ಡರಿಂಗ್, ಬ್ಯಾಟರಿ ನಿಮ್ಮ ಕೈಯಲ್ಲಿರಲಿ. ನನ್ನ ಮಗಳು ಅಳತೆಗಳನ್ನು ಹದಿನಾಲ್ಕರಿಂದ ಭಾಗಿಸುತ್ತಾ ಭಾಗಾಕಾರ ಕಲಿತಳು.

ವಿಡಿಯೋ ತೆಗೆದರೆ ಆಟಿಕೆ ಅಂತ ಗೊತ್ತಾಗಿಬಿಡುತ್ತೆ. ಏನು ಮಾಡುವುದು?

ಎರಡು ಕೆಲಸ ಮಾಡಿ. ಕ್ಯಾಮೆರಾ ನೆಲದಿಂದ 11 ಸೆಂ.ಮೀ. ಎತ್ತರದಲ್ಲಿರಲಿ. ರಸ್ತೆ ಪಕ್ಕ ನಿಂತ ಮನುಷ್ಯನ ಕಣ್ಣು ಆ ಅಳತೆಗೆ ಅಲ್ಲೇ ಬರುತ್ತೆ. ಎರಡನೆಯದು ಸ್ಲೋ ಮೋಷನ್. ನಾವು ಲಾರಿಯನ್ನು ಚಿಕ್ಕದು ಮಾಡಬಹುದು, ಭೂಮಿಯ ಎಳೆತವನ್ನು ಚಿಕ್ಕದು ಮಾಡಲು ಆಗುವುದಿಲ್ಲ. ಹಾಗಾಗಿ ಮಾದರಿ ತೂಗುವುದು, ಇಳಿಯುವುದು ಎಲ್ಲ ಬೇಗ ಬೇಗ ಆಗುತ್ತೆ, 14ರ ವರ್ಗಮೂಲದಷ್ಟು, ಅಂದರೆ 3.7 ಪಟ್ಟು ಬೇಗ. ಮೊಬೈಲಿನಲ್ಲಿ 120 ಫ್ರೇಮ್‌ನಲ್ಲಿ ತೆಗೆದು 30ರಲ್ಲಿ ನೋಡಿ. ನಾಲ್ಕು ಪಟ್ಟು ನಿಧಾನವಾಗುತ್ತೆ, ಹೆಚ್ಚುಕಡಿಮೆ ಸರಿಹೋಗುತ್ತೆ. ಆಗ 60ಕ್ಕೆ ಸಮನಾದ ನಮ್ಮ 4.3 ಕಿ.ಮೀ. ವೇಗ, ನಿಜವಾದ ಲಾರಿ 15 ಕಿ.ಮೀ.ಯಲ್ಲಿ ಹೋದ ಹಾಗೆ ಕಾಣುತ್ತೆ. ಲೋಡ್ ಲಾರಿ ಘಾಟಿಯಲ್ಲಿ ಹೋಗುವ ವೇಗ.

ಮನೆ ಹಿಂದಿನ ಮಣ್ಣುದಿಬ್ಬದಲ್ಲಿ ಇಳಿಜಾರು ದಾರಿ ಮಾಡಿ ಹೀಗೇ ತೆಗೆದು ಮಾವನಿಗೆ ಕಳಿಸಿದೆ. ರಾತ್ರಿ ಫೋನ್ ಬಂತು. "ಇಳಿಜಾರಾಗೆ ಅಷ್ಟೊತ್ತು ಬ್ರೇಕ್ ಲೈಟ್ ಉರಿಯಂಗಿಲ್ಲಪ್ಪಾ, ಡ್ರಮ್ ಕಾದೋಗ್ತಾವೆ. ಗೇರಾಗೆ ಇಳಿಸು" ಅಂದರು. ಥ್ರಾಟಲ್ ಬಿಟ್ಟ ಕೂಡಲೇ ಬ್ರೇಕ್ ಲೈಟ್ ಹತ್ತುವ ಹಾಗೆ ಪ್ರೋಗ್ರಾಂ ಬರೆದಿದ್ದೆ. ಅವತ್ತೇ ಬದಲಾಯಿಸಿದೆ. ಈಗ ರಿಮೋಟ್‌ನ ಕಡ್ಡಿಯನ್ನು ಹಿಂದಕ್ಕೆ ಎಳೆದರೆ ಮಾತ್ರ ಹತ್ತುತ್ತೆ. ಇಳಿಜಾರಿನಲ್ಲಿ ಎಂಜಿನ್ ಸದ್ದು ಮಾತ್ರ ಒಂದು ಗೇರ್ ಕೆಳಗೆ ಇಳಿಯುತ್ತೆ.